ಹಳೆಯ ಉರ್ದು–ಹಿಂದಿ ನಿಘಂಟುಗಳನ್ನು ಬಳಸುವ ಕ್ರಮ: ಅನುವಾದಕರಿಗೂ ಕಲಿಯುವವರಿಗೂ ಒಂದು ಮಾರ್ಗದರ್ಶಿ

ಹತ್ತೊಂಬತ್ತನೆಯ ಶತಮಾನದ ಉರ್ದು ಗದ್ಯವೊಂದರಲ್ಲಿ ವಾದಿಯು ನ್ಯಾಯಾಲಯಕ್ಕೆ ‘ರಾಜೀನಾಮಾ’ ಸಲ್ಲಿಸಿದನೆಂದು ಬಂದರೆ, ಕನ್ನಡದ ಅನುವಾದಕರಿಗೆ ತಟ್ಟನೆ ಹೊಳೆಯುವುದು ಕೆಲಸ ಬಿಡುವವನು ಕೊಡುವ ಪತ್ರ. ಆ ವಾಕ್ಯದಲ್ಲಿ ಪದಕ್ಕಿರುವ ಅರ್ಥ ಅದಲ್ಲ. ಎರಡೂ ಕಡೆಯವರು ಒಪ್ಪಿ ಬರೆದುಕೊಟ್ಟ ರಾಜಿಪತ್ರ ಎಂದು ಅದರ ಅರ್ಥ. ಇಂಥ ಪದಗಳು ನಮ್ಮ ನುಡಿಯಲ್ಲಿಯೂ ಇರುವುದರಿಂದ ಅವು ಅಪರಿಚಿತವಾಗಿ ಕಾಣುವುದಿಲ್ಲ, ಅಪರಿಚಿತವಾಗಿ ಕಾಣದ ಕಾರಣಕ್ಕೆ ನಾವು ನಿಘಂಟನ್ನು ತೆರೆಯುವುದೂ ಇಲ್ಲ. ತೆರೆದರೂ ಇಂದಿನ ಚಿಕ್ಕ ನಿಘಂಟುಗಳು ಇಂದಿನ ಬಳಕೆಯನ್ನಷ್ಟೇ ಹೇಳುತ್ತವೆ. ಬರೆದ ಕಾಲದಲ್ಲಿ ಪದಕ್ಕೆ ಯಾವ ಅರ್ಥವಿತ್ತೆಂಬುದನ್ನು ತಿಳಿಯಲು ಆ ಕಾಲಕ್ಕೆ ಹತ್ತಿರವಾದ ನಿಘಂಟುಗಳೇ ಬೇಕು. ಅವುಗಳಲ್ಲಿ ಹೆಚ್ಚಿನವು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಅವುಗಳ ಅಕ್ಷರಕ್ರಮ, ಸಂಕೇತಗಳು ಮತ್ತು ಮಿತಿಗಳನ್ನು ಅರಿಯದೆ ತೆರೆದವರು ಬೇಗನೆ ಬೇಸತ್ತು ಮುಚ್ಚಿಬಿಡುತ್ತಾರೆ. ಹಾಗಾಗದಿರಲಿ ಎಂಬ ಕಾಳಜಿಯಿಂದ ಈ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಪಠ್ಯದ ಕಾಲವನ್ನೂ ಬಗೆಯನ್ನೂ ಗುರುತಿಸಿಕೊಳ್ಳಿ

ಯಾವ ನಿಘಂಟು ಒಳ್ಳೆಯದೆಂಬ ಪ್ರಶ್ನೆಗೆ ಪಠ್ಯವನ್ನು ನೋಡದೆ ಉತ್ತರಿಸಲು ಆಗದು. ಕೈಯಲ್ಲಿರುವುದು ಗಜಲೋ, ನ್ಯಾಯಾಲಯದ ಕಾಗದವೋ, ಬ್ರಜ ಅಥವಾ ಅವಧಿ ಎಂಬ ಹಿಂದಿ ಉಪಭಾಷೆಗಳ ಹಾಡೋ, ಹಳ್ಳಿಯ ಮಾತಿನಿಂದ ತುಂಬಿದ ಕಥೆಯೋ, ಸ್ವಾತಂತ್ರ್ಯಾನಂತರದ ಸರಕಾರಿ ಹಿಂದಿಯೋ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಕೊನೆಯದಕ್ಕೆ ಹತ್ತೊಂಬತ್ತನೆಯ ಶತಮಾನದ ನಿಘಂಟು ನೆರವಿಗೆ ಬರುವುದಿಲ್ಲ, ಏಕೆಂದರೆ ಆಡಳಿತ ಹಿಂದಿಯ ಸಂಸ್ಕೃತಮೂಲದ ಪರಿಭಾಷೆಯಲ್ಲಿ ಬಹುಭಾಗ ಆಮೇಲೆ ರೂಪುಗೊಂಡದ್ದು. ಅಲ್ಲಿ 1993ರಲ್ಲಿ ಬಂದ ಮೆಕ್‌ಗ್ರೆಗರ್ ಅವರ ಆಕ್ಸ್‌ಫರ್ಡ್ ಹಿಂದಿ–ಇಂಗ್ಲಿಷ್ ನಿಘಂಟಿನಂಥ ಈಚಿನ ಕೃತಿಯೇ ತಕ್ಕದ್ದು. ಉಳಿದವಕ್ಕೆ ಹಳೆಯ ನಿಘಂಟುಗಳು ಬೇಕು.

ಅವುಗಳ ಪೀಠಿಕೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಕಲ್ಕತ್ತೆಯಲ್ಲಿ ಗಿಲ್‌ಕ್ರಿಸ್ಟ್ 1780ರ ದಶಕದ ಕೊನೆಯಲ್ಲಿ ಇಂಗ್ಲಿಷ್–ಹಿಂದೂಸ್ತಾನಿ ನಿಘಂಟನ್ನು ಹೊರತಂದರು. 1817ರಲ್ಲಿ ಜಾನ್ ಶೇಕ್ಸ್‌ಪಿಯರ್ ಅವರ ಹಿಂದೂಸ್ತಾನಿ–ಇಂಗ್ಲಿಷ್ ನಿಘಂಟು ಬಂದು ಮುಂದಿನ ಮುದ್ರಣಗಳಲ್ಲಿ ಬೆಳೆಯಿತು. ನಾಟಕಕಾರನಿಗೂ ಇವರಿಗೂ ಹೆಸರು ಮಾತ್ರ ಸಮಾನ. 1848ರಲ್ಲಿ ಡಂಕನ್ ಫೋರ್ಬ್ಸ್, 1875ರಲ್ಲಿ ಹಿಂದಿಗಾಗಿ ಬೇಟ್, 1879ರಲ್ಲಿ ಫ್ಯಾಲನ್, 1884ರಲ್ಲಿ ಪ್ಲಾಟ್ಸ್. ದಿನನಿತ್ಯದ ಕೆಲಸದಲ್ಲಿ ಕೊನೆಯ ಎರಡು ಹೆಸರುಗಳು ಉಳಿದೆಲ್ಲಕ್ಕಿಂತ ಮುಖ್ಯವಾದವು.

ಪ್ಲಾಟ್ಸ್‌ನಲ್ಲಿ ಪದವನ್ನು ಹುಡುಕುವುದು ಹೇಗೆ

ಕಲ್ಕತ್ತೆಯಲ್ಲಿ ಹುಟ್ಟಿ, ಮುಂದೆ ಆಕ್ಸ್‌ಫರ್ಡಿನಲ್ಲಿ ಪರ್ಷಿಯನ್ ಕಲಿಸಿದ ಜಾನ್ ಟಿ. ಪ್ಲಾಟ್ಸ್ ಅವರ ‘ಉರ್ದು, ಪ್ರಾಚೀನ ಹಿಂದಿ ಮತ್ತು ಇಂಗ್ಲಿಷ್ ನಿಘಂಟು’ ಸಾವಿರದ ಇನ್ನೂರಕ್ಕೂ ಹೆಚ್ಚು ಪುಟಗಳ ಒಂದೇ ಸಂಪುಟ. ಶಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯದಲ್ಲಿ ಇದರ ಹುಡುಕಬಲ್ಲ ರೂಪವಿದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಮೂಲ ಪುಟಗಳ ಛಾಯಾಪ್ರತಿ ಇದೆ. ಎರಡನ್ನೂ ತೆರೆದಿಟ್ಟುಕೊಳ್ಳಿ. ಹುಡುಕುವ ರೂಪದಲ್ಲಿ ಪದವನ್ನು ಕಂಡು, ಅಲ್ಲಿ ಕೊಟ್ಟಿರುವ ಪುಟಸಂಖ್ಯೆಯಿಂದ ಛಾಯಾಪ್ರತಿಗೆ ಹೋಗಿ ಒಮ್ಮೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಇಷ್ಟು ಸೂಕ್ಷ್ಮ ಅಕ್ಷರಗಳ ಗ್ರಂಥವನ್ನು ಮರುಟೈಪು ಮಾಡುವಾಗ ಚುಕ್ಕೆ ಮತ್ತು ಗೆರೆಗಳು ಅಲ್ಲಲ್ಲಿ ತಪ್ಪುವುದು ಸಹಜ. ಮುದ್ರಿತ ಪುಟದಲ್ಲಿ ನೋಡುವುದರಿಂದ ಇನ್ನೊಂದು ಪ್ರಯೋಜನವುಂಟು: ಪಕ್ಕದ ಪದಗಳು ಕಣ್ಣಿಗೆ ಬೀಳುತ್ತವೆ, ಒಂದೇ ಬೇರಿನಿಂದ ಹುಟ್ಟಿದ ಪದಕುಟುಂಬ ಅಲ್ಲಿಯೇ ಕಾಣುತ್ತದೆ.

ಪದಗಳ ಕ್ರಮ ಉರ್ದು ವರ್ಣಮಾಲೆಯದು. ಇಲ್ಲಿ ಕನ್ನಡಿಗರನ್ನು ಹೆಚ್ಚು ಕಾಡುವುದು ಮಹಾಪ್ರಾಣ. ನಮಗೆ ‘ಭ’ ಒಂದು ಸ್ವತಂತ್ರ ಅಕ್ಷರ. ಪ್ಲಾಟ್ಸ್‌ನಲ್ಲಿ ಅದು ‘ಬೇ’ ಮತ್ತು ‘ಹೇ’ ಎಂಬ ಎರಡು ಅಕ್ಷರಗಳ ಜೋಡಣೆ. ಆದ್ದರಿಂದ ‘ಭಾಯಿ’, ‘ಭಾರೀ’ ಮುಂತಾದವು ‘ಬೋ’ಗಳಾದ ಮೇಲೆ, ‘ಬೀ’ಗಳಿಗಿಂತ ಮೊದಲು, ‘ಬಹಾರ್’ ಎಂಬಂಥ ಪದಗಳ ನಡುವೆ ಬರುತ್ತವೆ. ಹಳೆಯ ಮುದ್ರಣಗಳು ಎರಡು ಬಗೆಯ ‘ಹೇ’ಗಳ (ಬಿಡಿ ‘ಹ’ಕ್ಕೆ ಒಂದು, ಮಹಾಪ್ರಾಣಕ್ಕೆ ಇನ್ನೊಂದು) ನಡುವೆ ಇಂದಿನಷ್ಟು ಕಟ್ಟುನಿಟ್ಟಾದ ಭೇದ ಮಾಡುತ್ತಿರಲಿಲ್ಲ. ಇದನ್ನು ಒಮ್ಮೆ ಮನದಟ್ಟು ಮಾಡಿಕೊಂಡರೆ ಅರ್ಧ ತೊಡಕು ಕಳೆಯುತ್ತದೆ.

ಎರಡನೆಯ ತೊಡಕು ಸಮಾನಧ್ವನಿಯ ಅಕ್ಷರಗಳದು. ಉರ್ದುವಿನಲ್ಲಿ ‘ಜ಼’ ಧ್ವನಿಗೆ ಜ಼ೇ, ಜ಼ಾಲ್, ಜ಼್ವಾದ್, ಜ಼ೋಯ್ ಎಂದು ನಾಲ್ಕು ಅಕ್ಷರಗಳಿವೆ. ‘ಸ’ ಧ್ವನಿಗೆ ಮೂರು, ‘ತ’ ಧ್ವನಿಗೆ ಎರಡು. ದೇವನಾಗರಿಯಲ್ಲಿ ಅಚ್ಚಾದ ಪುಸ್ತಕದಿಂದ ಅನುವಾದಿಸುವವರಿಗೆ ಮೂಲದ ಅಕ್ಷರ ತಿಳಿಯುವುದಿಲ್ಲವಾದ್ದರಿಂದ ನಾಲ್ಕನ್ನೂ ಪ್ರಯತ್ನಿಸಬೇಕಾಗುತ್ತದೆ. ಇದು ಬರಿಯ ಕಾಗುಣಿತದ ಪ್ರಶ್ನೆಯಲ್ಲ. ಜ಼ೋಯ್‌ನಿಂದ ಬರೆದ ‘ನಜ಼ರ್’ ಎಂದರೆ ನೋಟ. ಜ಼ಾಲ್‌ನಿಂದ ಬರೆದ ‘ನಜ಼್ರ್’ ಎಂದರೆ ಕಾಣಿಕೆ, ಹರಕೆ. ಹಿಂದಿ ಪುಸ್ತಕಗಳಲ್ಲಿ ಎರಡೂ ಬಹುತೇಕ ಒಂದೇ ರೂಪದಲ್ಲಿ ಅಚ್ಚಾಗುತ್ತವೆ. ಹಾಗಾಗಿ ಒಬ್ಬ ಜಮೀನ್ದಾರನಿಗೆ ರೈತ ಏನನ್ನೋ ‘ನಜ಼ರ್’ ಮಾಡಿದನೆಂದು ಬಂದಲ್ಲಿ ನೋಟದ ಅರ್ಥವನ್ನು ಎಳೆದು ತರುವ ಅಪಾಯವಿದೆ. ಕನ್ನಡದ ‘ನಜರು’ ಮೊದಲನೆಯದರಿಂದ, ‘ನಜರಾನೆ’ ಎರಡನೆಯದರಿಂದ ಬಂದುದೆಂದು ನೆನಪಿಟ್ಟುಕೊಂಡರೆ ಈ ಭೇದ ಮರೆಯುವುದಿಲ್ಲ.

ಮೂರನೆಯದು, ಹ್ರಸ್ವ ಸ್ವರಗಳನ್ನು ಉರ್ದು ಲಿಪಿ ಸಾಮಾನ್ಯವಾಗಿ ಬರೆಯುವುದಿಲ್ಲ. ‘ದಮ್’ ಎಂಬ ಉಸಿರೂ ‘ದುಮ್’ ಎಂಬ ಬಾಲವೂ ಒಂದೇ ರೂಪದಲ್ಲಿರುತ್ತವೆ. ಪ್ಲಾಟ್ಸ್ ಪ್ರತಿ ಪದಕ್ಕೂ ರೋಮನ್ ಲಿಪ್ಯಂತರ ಕೊಟ್ಟಿರುವುದರಿಂದ, ತಲೆಪದವನ್ನು ಕಂಡೊಡನೆ ನಿಲ್ಲದೆ ಅದೇ ರೂಪದ ಮುಂದಿನ ಪದಗಳ ಲಿಪ್ಯಂತರವನ್ನೂ ಓದಿ ಮುಂದುವರಿಯಬೇಕು.

ಉರ್ದು ಲಿಪಿಯೇ ಬಾರದವರು ನಿರಾಶರಾಗಬೇಕಿಲ್ಲ. ಮುಸ್ತಫಾ ಖಾನ್ ‘ಮದ್ದಾಹ್’ ಅವರ ಉರ್ದು–ಹಿಂದಿ ಶಬ್ದಕೋಶ ಅರಬ್ಬಿ, ಪಾರಸಿ, ತುರ್ಕಿ ಮೂಲದ ಪದಗಳನ್ನು ದೇವನಾಗರಿ ಕ್ರಮದಲ್ಲಿ ಜೋಡಿಸಿದೆ. ಹಿಂದಿ ಪರೀಕ್ಷೆಗಳನ್ನು ಓದಿಕೊಂಡ ಯಾವ ಕನ್ನಡಿಗರೂ ಅದನ್ನು ತೆರೆದ ದಿನವೇ ಬಳಸಬಲ್ಲರು. ಆದರೆ ಅದರಲ್ಲಿ ‘ಲಗನಾ’, ‘ಚಲನಾ’ ಮುಂತಾದ ದೇಸಿ ಕ್ರಿಯಾಪದಗಳು ಸಿಗುವುದಿಲ್ಲ. ಅವುಗಳಿಗೆ ಮತ್ತೆ ಪ್ಲಾಟ್ಸ್‌ಗೋ ಹಿಂದಿ ನಿಘಂಟಿಗೋ ಬರಬೇಕು. ಲಿಪಿಯನ್ನು ಕಲಿಯುವುದೇ ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೇಲೆ ಹೇಳಿದ ಭೇದಗಳೆಲ್ಲ ಆ ಲಿಪಿಯಲ್ಲಿಯೇ ಅಡಗಿವೆ.

ನಮೂದನ್ನು ಕೊನೆಯವರೆಗೂ ಓದಿ

ಪ್ಲಾಟ್ಸ್‌ನ ಪ್ರತಿ ನಮೂದಿನ ಆರಂಭದಲ್ಲಿ ಮೂಲವನ್ನು ಸೂಚಿಸುವ ಒಂದು ರೋಮನ್ ಅಕ್ಷರವಿರುತ್ತದೆ: ‘ಎಚ್’ ಎಂದರೆ ಹಿಂದಿ, ‘ಎಸ್’ ಸಂಸ್ಕೃತ, ‘ಪಿ’ ಪರ್ಷಿಯನ್, ‘ಎ’ ಅರಬ್ಬಿ, ‘ಟಿ’ ತುರ್ಕಿ. ಬಳಿಕ ಉರ್ದು ರೂಪ, ದೇಸಿ ಪದವಾದರೆ ದೇವನಾಗರಿ ರೂಪವೂ, ಲಿಪ್ಯಂತರ, ಚೌಕ ಆವರಣದಲ್ಲಿ ವ್ಯುತ್ಪತ್ತಿ, ವ್ಯಾಕರಣ ಸೂಚನೆ, ಅರ್ಥಗಳು, ಕೊನೆಗೆ ಪದಗುಚ್ಛಗಳು. ‘ಕ್ಯು.ವಿ.’ ಎಂಬ ಸಂಕೇತ ಕಂಡರೆ ಆ ಪದವನ್ನು ಅದರ ಸ್ಥಾನದಲ್ಲಿ ನೋಡಬೇಕೆಂದೂ, ‘ಐ.ಕ್ಯು.’ ಕಂಡರೆ ಮುಂದೆ ಕೊಟ್ಟ ಪದವೂ ಇದೂ ಒಂದೇ ಎಂದೂ ತಿಳಿಯಬೇಕು.

ವ್ಯುತ್ಪತ್ತಿಯ ಆವರಣವನ್ನು ಹಾರಿಸಿ ಓದುವವರು ಕನ್ನಡಿಗರಾಗಿ ತಮಗಿರುವ ಒಂದು ದೊಡ್ಡ ಅನುಕೂಲವನ್ನು ಕೈಬಿಡುತ್ತಾರೆ. ಪ್ಲಾಟ್ಸ್ ಅನೇಕ ಹಿಂದಿ ಪದಗಳಿಗೆ ಪ್ರಾಕೃತದ ನಡುವಣ ರೂಪವನ್ನು ಕೊಟ್ಟು ಅಲ್ಲಿಂದ ಸಂಸ್ಕೃತಕ್ಕೆ ಹೋಗುತ್ತಾರೆ. ‘ಕಾಜ್’ ಎಂಬುದು ಪ್ರಾಕೃತದ ‘ಕಜ್ಜ’ದ ಮೂಲಕ ‘ಕಾರ್ಯ’ಕ್ಕೆ ಸೇರುತ್ತದೆ, ಆ ‘ಕಜ್ಜ’ ನಮ್ಮ ಹಳಗನ್ನಡದಲ್ಲಿ ಹಾಗೆಯೇ ಇದೆ. ‘ಜಸ್’ ಎಂಬ ಹಿಂದಿ ಪದಕ್ಕೆ ನಮ್ಮ ‘ಜಸ’, ‘ಅಚರಜ್’ ಎಂಬುದಕ್ಕೆ ನಮ್ಮ ‘ಅಚ್ಚರಿ’ ಬಂಧುಗಳು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳ ನಿಯಮಗಳನ್ನು ಹೇಳಿದ್ದಾನೆ. ಅದನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಭಕ್ತಿಕಾವ್ಯದ ಹಿಂದಿಯಲ್ಲಿ ಬರುವ ಎಷ್ಟೋ ರೂಪಗಳು ಮೊದಲ ಓದಿನಲ್ಲಿಯೇ ತೆರೆದುಕೊಳ್ಳುತ್ತವೆ. ಅನುವಾದಕನಿಗೆ ಇದರಿಂದ ಇನ್ನೂ ಹೆಚ್ಚಿನ ಲಾಭವಿದೆ: ಮೂಲದ ತದ್ಭವಕ್ಕೆ ತತ್ಸಮವನ್ನು ಹಾಕಿ ಬಿಗಿಗೊಳಿಸುವ ಬದಲು ಕನ್ನಡದ ತದ್ಭವವನ್ನೇ ಇಟ್ಟು ಅದೇ ಮೃದುತ್ವವನ್ನು ಉಳಿಸಿಕೊಳ್ಳಬಹುದು. ಆದರೂ ಒಂದು ಎಚ್ಚರಿಕೆ ಬೇಕು. 1884ರ ಬಳಿಕ ಭಾಷಾವಿಜ್ಞಾನ ಬಹಳ ಮುಂದೆ ಬಂದಿದೆ. ವ್ಯುತ್ಪತ್ತಿಯ ಮೇಲೆಯೇ ವಾದ ನಿಲ್ಲಿಸುವುದಿದ್ದರೆ 1960ರ ದಶಕದಲ್ಲಿ ಬಂದ ಟರ್ನರ್ ಅವರ ಇಂಡೋ–ಆರ್ಯನ್ ಭಾಷೆಗಳ ತೌಲನಿಕ ನಿಘಂಟನ್ನು ನೋಡದೆ ಮುಂದುವರಿಯಬಾರದು.

ಕಲಿಯುವವರಿಗೆ ವ್ಯಾಕರಣ ಸೂಚನೆಯೇ ಚಿನ್ನ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮೇಜು, ಪುಸ್ತಕ, ಗಾಳಿ ಎಲ್ಲವೂ ನಪುಂಸಕ. ಹಿಂದಿ–ಉರ್ದುಗಳಲ್ಲಿ ಪ್ರತಿ ನಾಮಪದಕ್ಕೂ ಪುಲ್ಲಿಂಗವೋ ಸ್ತ್ರೀಲಿಂಗವೋ ಇರಲೇಬೇಕು, ಮತ್ತು ಅದು ಕ್ರಿಯಾಪದವನ್ನೂ ವಿಶೇಷಣವನ್ನೂ ಹಿಡಿದಾಳುತ್ತದೆ. ಪ್ಲಾಟ್ಸ್ ನಾಮಪದಗಳಿಗೆಲ್ಲ ಲಿಂಗವನ್ನೂ, ಕ್ರಿಯಾಪದಗಳಿಗೆ ಸಕರ್ಮಕ–ಅಕರ್ಮಕ ಭೇದವನ್ನೂ ಗುರುತಿಸಿದ್ದಾರೆ. ‘ನೇ’ ಪ್ರತ್ಯಯವನ್ನು ಎಲ್ಲಿ ಹಚ್ಚಬೇಕೆಂದು ತಡಬಡಾಯಿಸುವ ನಮ್ಮವರಿಗೆ ಎರಡನೆಯದು ಬಹಳ ಬೇಕಾದದ್ದು. ಲಿಂಗದ ವಿಷಯದಲ್ಲಿ ಕಾಲಕ್ಕೂ ಊರಿಗೂ ತಕ್ಕಂತೆ ಒಪ್ಪದಿರುವುದುಂಟು. ‘ಕಲಮ್’ ಉರ್ದುವಿನಲ್ಲಿ ಸಾಮಾನ್ಯವಾಗಿ ಪುಲ್ಲಿಂಗ, ಹಿಂದಿಯಲ್ಲಿ ಸ್ತ್ರೀಲಿಂಗವಾಗಿಯೂ ಧಾರಾಳವಾಗಿ ಬಳಕೆಯಲ್ಲಿದೆ. ಆದ್ದರಿಂದ ಪದವನ್ನು ಪಟ್ಟಿ ಮಾಡಿಕೊಳ್ಳುವಾಗ ಯಾವ ನಿಘಂಟಿನ ಲಿಂಗವೆಂಬುದನ್ನೂ ಬರೆದುಕೊಳ್ಳಿ.

ಇನ್ನು ನಮೂದಿನ ಕೊನೆಯ ಭಾಗ. ‘ದಮ್’ ಎಂಬ ಒಂದು ಪದವನ್ನೇ ನೋಡಿ. ಉಸಿರು, ಜೀವ, ಕ್ಷಣ, ಹುಕ್ಕಾದ ಒಂದು ಎಳೆತ, ಕತ್ತಿಯ ಅಂಚು, ವಂಚನೆ ಎಂದು ಅದರ ಅರ್ಥಗಳು ಹರಡಿವೆ. ಆಮೇಲೆ ‘ದಮ್ ಲೇನಾ’ ಎಂದರೆ ಸುಧಾರಿಸಿಕೊಳ್ಳುವುದು, ‘ದಮ್ ಮಾರನಾ’ ಎಂದರೆ ಬಾಯಿ ಬಿಡುವುದು ಅಥವಾ ಬಡಾಯಿ ಕೊಚ್ಚುವುದು, ‘ದಮ್ ದೇನಾ’ ಎಂದರೆ ಪ್ರಾಣ ಬಿಡುವುದು, ಮೋಸಗೊಳಿಸುವುದು ಅಥವಾ ಅನ್ನವನ್ನು ಸಣ್ಣ ಉರಿಯ ಮೇಲೆ ಆವಿಯಲ್ಲಿ ಬೇಯಿಸುವುದು. ಕನ್ನಡದ ‘ದಮ್ಮು’ ಈ ವಿಸ್ತಾರದ ಒಂದು ಮೂಲೆಯನ್ನು ಮಾತ್ರ ತಂದುಕೊಂಡಿದೆ. ಅನುವಾದದಲ್ಲಿ ಬರುವ ಸಂಶಯಗಳಲ್ಲಿ ಬಹುಪಾಲು ಬಿಡಿ ಪದದ್ದಲ್ಲ, ಇಂಥ ಗುಚ್ಛದ್ದು. ಮೊದಲ ಅರ್ಥವನ್ನು ಕಂಡೊಡನೆ ಪುಟ ಮುಚ್ಚುವವರು ಹಳೆಯ ನಿಘಂಟಿನ ನಿಜವಾದ ಸಂಪತ್ತನ್ನು ನೋಡಿಯೇ ಇರುವುದಿಲ್ಲ.

ಮಾತಿನ ಭಾಷೆಗೆ ಫ್ಯಾಲನ್‌ನನ್ನು ಕೇಳಿ

ಎಸ್. ಡಬ್ಲ್ಯು. ಫ್ಯಾಲನ್ ಬಿಹಾರದಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದವರು. 1879ರ ಅವರ ನಿಘಂಟು ಪುಸ್ತಕದ ಭಾಷೆಗಿಂತ ಬಾಯಿಯ ಭಾಷೆಗೆ ಕಿವಿಗೊಟ್ಟಿತು. ಗಾದೆ, ಹಾಡು, ಒಗಟು, ಹಳ್ಳಿಯ ಮಾತು, ಹೆಂಗಸರು ತಮ್ಮೊಳಗೆ ಆಡುವ ನುಡಿ ಇವುಗಳನ್ನು ಉದಾಹರಣೆಯಾಗಿ ಕೊಟ್ಟದ್ದು ಅವರ ದೊಡ್ಡ ಸಾಧನೆ. ಅವರು ಕೂಡಿಟ್ಟ ಗಾದೆಗಳು ಅವರ ಮರಣಾನಂತರ 1886ರಲ್ಲಿ ಬೇರೆಯೇ ಸಂಪುಟವಾಗಿ ಬಂದವು. ಪಾತ್ರಗಳ ಸಂಭಾಷಣೆಯನ್ನು ಅನುವಾದಿಸುವಾಗ, ಜನಾನಾದ ಒಳಗಿನ ಮಾತು ಬಂದಾಗ, ಬೈಗುಳ ಹರಕೆಗಳು ಬಂದಾಗ ಪ್ಲಾಟ್ಸ್‌ಗಿಂತ ಮೊದಲು ಇವರನ್ನು ನೋಡುವುದು ಒಳಿತು. ಪ್ರೌಢ ಪಾರಸಿ–ಅರಬ್ಬಿ ಪದಗಳ ಕಡೆಗೆ ಅವರಿಗೆ ಒಲವಿರಲಿಲ್ಲವಾದ್ದರಿಂದ ಗಜಲಿಗೆ ಅವರು ಸಾಲುವುದಿಲ್ಲ. ಅಲ್ಲಿ ಪ್ಲಾಟ್ಸ್ ಜೊತೆಗೆ 1892ರ ಸ್ಟೈನ್‌ಗಾಸ್ ಅವರ ಪರ್ಷಿಯನ್–ಇಂಗ್ಲಿಷ್ ನಿಘಂಟು ಬೇಕು. ಷಷ್ಠೀಸೂಚಕ ಇಜ಼ಾಫತ್‌ನಿಂದ, ಅಂದರೆ ಪಾರಸಿ ಪದಗಳನ್ನು ಜೋಡಿಸುವ ‘ಎ’ ಧ್ವನಿಯಿಂದ, ಕೂಡಿದ ಸಮಾಸಗಳು ಎಷ್ಟೋ ಸಲ ಅಲ್ಲಿ ಮಾತ್ರ ಬಿಡಿಸಿಕೊಳ್ಳುತ್ತವೆ.

ಫ್ಯಾಲನ್ ಒಬ್ಬರೇ ಇದನ್ನು ಮಾಡಲಿಲ್ಲವೆಂಬುದನ್ನು ಹೇಳಲೇಬೇಕು. ದೆಹಲಿಯ ಸೈಯದ್ ಅಹ್ಮದ್ ಅವರು ಫ್ಯಾಲನ್ ಅವರ ಜೊತೆಗೆ ವರ್ಷಗಟ್ಟಲೆ ದುಡಿದು, ಮುಂದೆ ತಮ್ಮದೇ ಆದ ನಾಲ್ಕು ಸಂಪುಟಗಳ ‘ಫರ್ಹಂಗ್–ಎ–ಆಸಫಿಯಾ’ವನ್ನು ಉರ್ದುವಿನಲ್ಲಿಯೇ ರಚಿಸಿದರು. ಅದರ ಹೆಸರು ಹೈದರಾಬಾದಿನ ಆಸಫ್‌ಜಾಹಿ ಮನೆತನದ್ದು. ಬೀದರ, ಕಲಬುರಗಿ, ರಾಯಚೂರುಗಳನ್ನು 1948ರವರೆಗೆ ಆಳಿದ ಮನೆತನ ಅದೇ.

ಇಂಗ್ಲಿಷ್ ದಾಟಿ ಒಳಗಿನ ನಿಘಂಟಿಗೆ ಹೋಗಿ

ಕನ್ನಡ ಅನುವಾದಕರು ಪ್ಲಾಟ್ಸ್ ಬಳಸುವಾಗ ಮೂರು ಭಾಷೆಗಳು ಎದುರಾಗುತ್ತವೆ, ನಡುವಿನದು ವಿಕ್ಟೋರಿಯ ಕಾಲದ ಇಂಗ್ಲಿಷ್. ಆ ಇಂಗ್ಲಿಷಿನಲ್ಲಿ ‘ಕಾರ್ನ್’ ಎಂದರೆ ಧಾನ್ಯ, ಮೆಕ್ಕೆಜೋಳವಲ್ಲ. ‘ಫಿಸಿಕ್’ ಎಂದರೆ ಔಷಧ. ‘ಇಂಟರ್‌ಕೋರ್ಸ್’ ಎಂದರೆ ಒಡನಾಟ, ವ್ಯವಹಾರ. ಗಿಡಮರಗಳ ಲ್ಯಾಟಿನ್ ಹೆಸರುಗಳೂ ಬದಲಾಗಿವೆ: ಆಲದ ಮರಕ್ಕೆ ಹಳೆಯ ಗ್ರಂಥಗಳು ಕೊಡುವ ‘ಫೈಕಸ್ ಇಂಡಿಕಾ’ ಇಂದು ‘ಫೈಕಸ್ ಬೆಂಗಾಲೆನ್ಸಿಸ್’. ಜಾತಿ, ಬುಡಕಟ್ಟು, ಹೆಂಗಸರ ಬಗ್ಗೆ ಆ ಕಾಲದ ಅಧಿಕಾರಿವರ್ಗಕ್ಕಿದ್ದ ತಾತ್ಸಾರವೂ ಅರ್ಥವಿವರಣೆಯ ವೇಷದಲ್ಲಿ ಒಳಸೇರಿಕೊಂಡಿದೆ. ಅದನ್ನು ಪದದ ಅರ್ಥವೆಂದು ಭ್ರಮಿಸಿ ಕನ್ನಡಕ್ಕೆ ತಂದುಬಿಡಬಾರದು.

ಈ ಕಾರಣದಿಂದ ಮುಖ್ಯವಾದ ಪ್ರತಿ ಪದವನ್ನೂ ಆ ಭಾಷೆಯೊಳಗಿನ ಒಂದು ನಿಘಂಟಿನಲ್ಲಿಯೂ ಪರೀಕ್ಷಿಸಬೇಕು. ಉರ್ದುವಿಗೆ ಆಸಫಿಯಾ ಮತ್ತು ನೂರುಲ್ ಹಸನ್ ನೈಯರ್ ಕಾಕೋರವಿ ಅವರ ‘ನೂರುಲ್ಲುಗಾತ್’ ಇವೆ; ಪದಪ್ರಯೋಗಕ್ಕೆ ಕವಿಗಳ ಸಾಲುಗಳನ್ನು ಸಾಕ್ಷಿಯಾಗಿ ಕೊಡುವುದೂ, ದೆಹಲಿ–ಲಖನೌ ಬಳಕೆಯ ಭೇದಗಳನ್ನು ಕಾಣಿಸುವುದೂ ಎರಡನೆಯದರ ಹಿರಿಮೆ. ಕರಾಚಿಯ ಉರ್ದು ನಿಘಂಟು ಮಂಡಳಿ 2010ರ ವೇಳೆಗೆ 22 ಸಂಪುಟಗಳಲ್ಲಿ ಮುಗಿಸಿದ ಮಹಾನಿಘಂಟು ಪದಗಳ ಪ್ರಯೋಗವನ್ನು ಕಾಲಕ್ರಮದಲ್ಲಿ ತೋರಿಸುತ್ತದೆ. ಹಿಂದಿಗೆ ಕಾಶಿಯ ನಾಗರೀ ಪ್ರಚಾರಿಣೀ ಸಭೆ ಶ್ಯಾಮಸುಂದರ ದಾಸ್ ಅವರ ಸಂಪಾದಕತ್ವದಲ್ಲಿ ಹೊರತಂದ ‘ಹಿಂದೀ ಶಬ್ದಸಾಗರ’ವಿದೆ. ಅದರ 1965–75ರ ಪರಿಷ್ಕೃತ ಆವೃತ್ತಿ ಶಿಕಾಗೋ ಗ್ರಂಥಾಲಯದಲ್ಲಿಯೂ ಸಿಗುತ್ತದೆ. ತುಳಸಿ, ಸೂರ, ಜಾಯಸಿಯರ ಸಾಲುಗಳೊಂದಿಗೆ ಅರ್ಥ ಹೇಳುವುದರಿಂದ ಬ್ರಜ–ಅವಧಿಗಳಿಗೆ ಇದನ್ನು ಬಿಟ್ಟರೆ ಗತಿಯಿಲ್ಲ. ಹಿಂದಿಯ ‘ಶಿಕ್ಷಾ’ ವಿದ್ಯೆಯೆಂದೂ, ‘ಅವಸರ್’ ಸಂದರ್ಭವೆಂದೂ, ‘ಉಪನ್ಯಾಸ್’ ಕಾದಂಬರಿಯೆಂದೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ನುಸುಳುವುದು ‘ಚೇಷ್ಟಾ’ ಎಂದರೆ ಪ್ರಯತ್ನ, ‘ಪ್ರಪಂಚ್’ ಎಂದರೆ ಜಂಜಾಟ ಅಥವಾ ಕಪಟ, ‘ಆಲೋಚನಾ’ ಎಂದರೆ ವಿಮರ್ಶೆ ಎಂಬಂಥವು. ಕನ್ನಡದಲ್ಲಿಯೂ ಇರುವ ಸಂಸ್ಕೃತ ಪದವನ್ನು ಪರೀಕ್ಷಿಸದೆ ಬಿಡುವುದಿಲ್ಲವೆಂದು ನಿಯಮ ಮಾಡಿಕೊಳ್ಳುವುದು ಕ್ಷೇಮ.

ದಖನಿ ಮತ್ತು ಹಳೆಯ ಕಾಗದಪತ್ರಗಳು

ಕರ್ನಾಟಕದ ಓದುಗರಿಗೆ ಇಲ್ಲಿ ವಿಶೇಷ ಬಾಧ್ಯತೆಯಿದೆ. ಬಹಮನಿ ಕಾಲದ ಕಲಬುರಗಿ–ಬೀದರಗಳಲ್ಲಿ, ಆದಿಲ್‌ಶಾಹಿ ವಿಜಯಪುರದಲ್ಲಿ ಬೆಳೆದ ದಖನಿ ನಮ್ಮ ನೆಲದ್ದೇ ಸಾಹಿತ್ಯ. ಅದರ ಪದಗಳಿಗೆ ಪ್ಲಾಟ್ಸ್ ಸಾಲದಾದಾಗ ಶೇಕ್ಸ್‌ಪಿಯರ್ ಮತ್ತು ಫೋರ್ಬ್ಸ್ ಇಬ್ಬರನ್ನೂ ನೋಡಿ, ಅವರು ದಖನಿ ಪದಗಳನ್ನು ಸೇರಿಸಿಕೊಂಡಿದ್ದಾರೆ. ಆಮೇಲೆ ಮಸೂದ್ ಹುಸೇನ್ ಖಾನ್ ಮತ್ತು ಗುಲಾಂ ಉಮರ್ ಖಾನ್ ಸಂಪಾದಿಸಿದ ದಖನಿ ಉರ್ದು ನಿಘಂಟಿಗೂ, ಜಮೀಲ್ ಜಾಲಿಬಿ ಅವರ ಪ್ರಾಚೀನ ಉರ್ದು ನಿಘಂಟಿಗೂ ಹೋಗಿ. ಅಲ್ಲಿಯೂ ಸಿಗದ ಪದ ಮರಾಠಿಯದೋ ಕನ್ನಡದ್ದೋ ಆಗಿರಬಹುದೆಂಬ ಸಂಶಯವನ್ನು ಕೊನೆಯವರೆಗೆ ಉಳಿಸಿಕೊಳ್ಳಿ.

ಕಲ್ಯಾಣ ಕರ್ನಾಟಕದ ಮನೆಗಳಲ್ಲಿ ಉರ್ದುವಿನಲ್ಲಿ ಬರೆದ ಜಮೀನಿನ ಕಾಗದಗಳು ಇಂದಿಗೂ ಇವೆ. ಅವುಗಳನ್ನು ಓದಲು ಎಚ್. ಎಚ್. ವಿಲ್ಸನ್ 1855ರಲ್ಲಿ ಪ್ರಕಟಿಸಿದ ನ್ಯಾಯ ಮತ್ತು ಕಂದಾಯ ಪದಕೋಶ ತುಂಬ ಉಪಯುಕ್ತ, ಏಕೆಂದರೆ ಅದು ಪಾರಸಿ–ಹಿಂದೂಸ್ತಾನಿಯ ಜೊತೆಗೆ ಕನ್ನಡ, ಮರಾಠಿ, ತೆಲುಗು ಪದಗಳನ್ನೂ ಒಂದೆಡೆ ಕೂಡಿಸಿದೆ. ‘ಫ಼ಸ್ಲ್’ ಉರ್ದು ಕಾವ್ಯದಲ್ಲಿ ಋತು, ಗ್ರಂಥದಲ್ಲಿ ಅಧ್ಯಾಯ, ಕಂದಾಯದ ಕಾಗದದಲ್ಲಿ ಬೆಳೆ. ಕನ್ನಡಕ್ಕೆ ಕಂದಾಯದ ದಾರಿಯಿಂದ ಬಂದದ್ದರಿಂದ ನಮ್ಮಲ್ಲಿ ‘ಫಸಲು’ ಬೆಳೆ ಮಾತ್ರವಾಯಿತು. ಇಂಥ ಪದ ಕನ್ನಡದಲ್ಲಿ ಯಾವಾಗ ಏನಾಗಿತ್ತೆಂದು ತಿಳಿಯಲು 1894ರ ಕಿಟೆಲ್ ನಿಘಂಟನ್ನು ಪಕ್ಕದಲ್ಲಿಡಬೇಕು. ಹಿಂದೂಸ್ತಾನಿ ಮತ್ತು ಮರಾಠಿ ಮೂಲದ ಪದಗಳನ್ನು ಅವರು ಗುರುತು ಹಾಕಿ ತೋರಿಸಿದ್ದಾರೆ. ಪ್ಲಾಟ್ಸ್‌ಗೂ ಕಿಟೆಲ್‌ಗೂ ನಡುವೆ ಹತ್ತೇ ವರ್ಷಗಳ ಅಂತರವಿರುವುದರಿಂದ ಒಂದೇ ಕಾಲದ ಎರಡು ಭಾಷೆಗಳನ್ನು ಎದುರುಬದುರಾಗಿಟ್ಟು ನೋಡುವ ಅವಕಾಶ ನಮಗೆ ದೊರೆತಿದೆ.

ಕಂಡದ್ದನ್ನು ದಾಖಲಿಸಿಕೊಳ್ಳಿ

ಪ್ರತಿ ಪದಕ್ಕೂ ಒಂದು ಸಾಲಿನಲ್ಲಿ ಇಷ್ಟನ್ನು ಬರೆದಿಡಿ: ಮೂಲ ಲಿಪಿಯ ಕಾಗುಣಿತ, ಲಿಂಗ, ಪಠ್ಯದಲ್ಲಿ ಬಂದ ವಾಕ್ಯ, ನಿಘಂಟಿನ ಹೆಸರು ಮತ್ತು ಪುಟ, ಆಯ್ದ ಕನ್ನಡ ಪದ, ಬಿಟ್ಟ ಪದ, ಬಿಟ್ಟದ್ದಕ್ಕೆ ಕಾರಣ. ಕೊನೆಯ ಅಂಕಣವನ್ನು ಸೋಮಾರಿತನದಿಂದ ಖಾಲಿ ಬಿಡಬೇಡಿ; ನೂರು ಪುಟಗಳ ಬಳಿಕ ಅದೇ ಪದ ಬೇರೆ ಅರ್ಥದಲ್ಲಿ ಬಂದಾಗ, ಅಥವಾ ಸಂಪಾದಕರು ನಿಮ್ಮ ಆಯ್ಕೆಯನ್ನು ಪ್ರಶ್ನಿಸಿದಾಗ, ಮೊದಲು ಬೇಕಾಗುವುದು ಅದೇ. ಎರಡು ನಿಘಂಟುಗಳು ಒಪ್ಪದಿದ್ದರೆ ಪಠ್ಯಕ್ಕೆ ಕಾಲದಲ್ಲಿಯೂ ಪ್ರದೇಶದಲ್ಲಿಯೂ ಹತ್ತಿರವಾದುದಕ್ಕೆ ಹೆಚ್ಚು ತೂಕ ಕೊಡಿ, ಅದೇ ಲೇಖಕರು ಆ ಪದವನ್ನು ಬಳಸಿದ ಇನ್ನೆರಡು ವಾಕ್ಯಗಳನ್ನು ಹುಡುಕಿ, ಅವುಗಳಿಗೂ ಹೊಂದುವ ಅರ್ಥವನ್ನೇ ಇಟ್ಟುಕೊಳ್ಳಿ.